ಸೇನೆಯಿಂದ ಕೋರ್ಟಿಗೆ, ಕೋರ್ಟಿನಿಂದ ಬರವಣಿಗೆಗೆ

ಪ್ರಶ್ನೆ: ನನಗೀಗ 52 ವರ್ಷ. ಸೇನೆಯಲ್ಲಿ 26 ವರ್ಷವಿದ್ದು ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತನಾದೆ. ಊರಿನ ಮಾಜಿ ಸೈನಿಕರು, ಸೈನಿಕರ ಪತ್ನಿಯರು ಪಿಂಚಣಿ ಕಾಗದ ಹಿಡಿದು ಮನೆಗೆ ಬರುತ್ತಾರೆ. ಅರ್ಜಿ ಬರೆದುಕೊಡುತ್ತೇನೆ, ಅದರಾಚೆ ಕೈಲಾಗುತ್ತಿಲ್ಲ. ಕಾನೂನು ಓದುವ, ಕನ್ನಡದಲ್ಲಿ ಬರೆಯುವ ಆಸೆಯಿದೆ. ಈ ವಯಸ್ಸಿನಲ್ಲಿ ಆದೀತೇ?
– ನಿವೃತ್ತ ಸೇನಾಧಿಕಾರಿ, ಮಡಿಕೇರಿ

ಉತ್ತರ: ಖಂಡಿತ ಆಗುತ್ತದೆ ಸರ್. 45 ದಾಟಿದವರನ್ನು ವಕೀಲರಾಗಿ ನೋಂದಾಯಿಸಬಾರದೆಂಬ ನಿಯಮವನ್ನು ಸುಪ್ರೀಂ ಕೋರ್ಟ್ 1995ರಲ್ಲೇ ರದ್ದುಪಡಿಸಿದೆ. ಪದವಿಯ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಓದಬೇಕು. ಅಂಚೆ ಶಿಕ್ಷಣ ನಡೆಯದು, ತರಗತಿಗೆ ಹೋಗಲೇಬೇಕು. ಬಳಿಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ.

ನಿಮ್ಮ ಮನೆಗೆ ಬರುವ ಕಾಗದಗಳು ಕೊನೆಗೆ ತಲುಪಬೇಕಾದದ್ದು 2007ರ ಕಾಯ್ದೆಯಡಿ ರಚನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ. ಕರ್ನಾಟಕ ಅದರ ಕೊಚ್ಚಿ ಪೀಠದ ವ್ಯಾಪ್ತಿಯಲ್ಲಿದೆ. ಅಂಗವೈಕಲ್ಯ ಪಿಂಚಣಿಯನ್ನೇ ನೋಡಿ. ಕಾಯಿಲೆ ಸೇವೆಯಿಂದ ಬಂತೇ, ಸೇವೆಯಿಂದ ಹೆಚ್ಚಾಯಿತೇ ಎಂದು ವೈದ್ಯಕೀಯ ಮಂಡಳಿ ಬರೆದ ಒಂದು ಸಾಲಿನ ಮೇಲೆ ಇಡೀ ಪ್ರಕರಣ ನಿಂತಿರುತ್ತದೆ. ಸೇರುವಾಗ ದಾಖಲೆಯಲ್ಲಿ ಇಲ್ಲದ ಕಾಯಿಲೆಗೆ ಸೇವೆ ಕಾರಣವಲ್ಲ ಎಂದು ತೋರಿಸುವ ಹೊಣೆ ಸರ್ಕಾರದ್ದೆಂದು 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಿಯಾಚಿನ್ನಿನ ಚಳಿ, ಗಡಿಯ ಕಾವಲು ಮೈಮನಸ್ಸಿಗೆ ಏನು ಮಾಡುತ್ತದೆಂದು ಬಲ್ಲ ವಕೀಲರು ವಿರಳ. ನಿಮ್ಮ ಬಲ ಅಲ್ಲಿದೆ.

ಒಂದು ಅಭ್ಯಾಸ ಮಾತ್ರ ಬಿಡಬೇಕು. ಇಷ್ಟು ವರ್ಷ ನಿಮ್ಮ ಮಾತು ಆದೇಶವಾಗಿತ್ತು, ಇನ್ನು ಅದು ವಿನಂತಿ. ಎರಡು ವರ್ಷವಾದರೂ ಒಳ್ಳೆಯ ಸೀನಿಯರ್ ಬಳಿ ಜೂನಿಯರ್ ಆಗಿರಿ. ಅವರು ನಿಮಗಿಂತ ಕಿರಿಯರಿರಬಹುದು, ಸಂಕೋಚ ಬೇಡ.

ಬರವಣಿಗೆಗೆ ವಕೀಲಿಕೆ ಅಡ್ಡಿಯಲ್ಲ. ಆದರೆ ಬರವಣಿಗೆ ಪೂರ್ಣಾವಧಿ ಸಂಬಳದ ನೌಕರಿ ಆಗಬಾರದು, ನಿಮ್ಮ ಕಚೇರಿಯ ಜಾಹೀರಾತೂ ಆಗಬಾರದು. ಸೇನೆಯ ಬಗ್ಗೆ ಬರೆಯುವಾಗ ನೆನಪಿರಲಿ, 1923ರ ಅಧಿಕೃತ ರಹಸ್ಯಗಳ ಕಾಯ್ದೆ ನಿವೃತ್ತರಿಗೂ ಅನ್ವಯಿಸುತ್ತದೆ. ಕಕ್ಷಿದಾರರು ನಂಬಿ ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಬರೆಯುವಂತಿಲ್ಲ.

ಬರೆಯಲು ಪದವಿಗಾಗಿ ಕಾಯಬೇಡಿ. ಪಿಂಚಣಿ ನಿರಾಕರಿಸಿದ ಇಂಗ್ಲಿಷ್ ಪತ್ರ ಏನು ಹೇಳುತ್ತದೆ, ಮೇಲ್ಮನವಿ ಯಾರಿಗೆ, ಯಾವ ದಾಖಲೆ ಜೋಪಾನ ಮಾಡಬೇಕು ಎಂಬುದನ್ನು ಎರಡು ಪುಟ ಕನ್ನಡದಲ್ಲಿ ಬರೆಯಿರಿ. ಮುಂದಿನ ಸಲ ಕಾಗದ ಹಿಡಿದು ಬರುವ ತಾಯಿಗೆ ಅದನ್ನು ಓದಿ ಹೇಳಿ. ಅವರು ನಡುವೆ ತಡೆದು ಕೇಳಿದ ಕಡೆಯೆಲ್ಲ ತಿದ್ದಿ, ಆಮೇಲೆ ಪತ್ರಿಕೆಗೆ ಕಳುಹಿಸಿ.