ಕೇಳಿದವರು ಏನೆಂದಾರು?

ಪಾಮನಕಲ್ಲೂರಿನ ಕಟ್ಟೆಯ ಮೇಲೆ ನೆರೆಯವರೊಬ್ಬರು, "ಶಿಲುಬಿ ಮ್ಯಾಲ ಸತ್ತಾತನ್ನ ದೇವರು ಅಂತೀರಲ್ರೀ, ಯಾಕ?" ಎಂದು ಕೇಳಿದರೆ ಏನು ಹೇಳುವಿರಿ? ನಕ್ಕಾರೆಂಬ ಅಂಜಿಕೆಯಿಂದ ನಮ್ಮಲ್ಲಿ ಹೆಚ್ಚಿನವರು ಮಾತನ್ನು ಮಳೆ-ಬೆಳೆಯ ಕಡೆ ತಿರುಗಿಸುತ್ತೇವೆ.

ಸಂತ ಪೌಲರಿಗೂ ಜನ ನಕ್ಕರು. ಪ್ರೇಷಿತರ ಕಾರ್ಯಕಲಾಪಗಳು 17ನೇ ಅಧ್ಯಾಯ ಓದಿ. ಅಥೆನ್ಸಿನಲ್ಲಿ ಅವರು ಊರವರ ದೇವರುಗಳನ್ನು ಹೀಯಾಳಿಸುತ್ತಾ ಮಾತು ಆರಂಭಿಸಲಿಲ್ಲ. 'ಅಜ್ಞಾತ ದೇವರಿಗೆ' ಅಲ್ಲಿ ಕಟ್ಟಿದ್ದ ಪೀಠದಿಂದಲೇ ಆರಂಭಿಸಿದರು. ಪುನರುತ್ಥಾನದ ಮಾತು ಬಂದಾಗ ಕೆಲವರು ಪರಿಹಾಸ್ಯ ಮಾಡಿದರು, ಕೆಲವರು ಇನ್ನೊಮ್ಮೆ ಕೇಳೋಣ ಎಂದರು. ವಿಶ್ವಾಸವಿಟ್ಟವರು ಕೆಲವರೇ. ಪೌಲರು ಜಗಳಕ್ಕೆ ನಿಲ್ಲದೆ ಹೊರಟರು. ಇನ್ನೊಮ್ಮೆ ಎಂದವರ ಬೆನ್ನು ಹತ್ತಲೂ ಇಲ್ಲ!

ನಮ್ಮ ಸೀಮೆಯ ಮುದಗಲ್ಲನ್ನೇ ನೋಡಿ. 16ನೇ ಶತಮಾನದಲ್ಲಿ, ಬಿಜಾಪುರದ ಆದಿಲ್‌ಶಾಹಿಗಳ ಕಾಲದಲ್ಲೇ ಅಲ್ಲಿ ಕಥೋಲಿಕ ವಿಶ್ವಾಸ ಬೇರೂರಿತು. ಊರೆಲ್ಲ ಕ್ರೈಸ್ತರಾಗಲಿಲ್ಲ. ಮೊಹರಂಗೆ ಹೆಸರಾದ ಆ ಊರಲ್ಲಿ ದೇವಾಲಯವೂ ಇದೆ, ನೆರೆಹೊರೆಯೂ ಇದೆ.

ಇಂದು ರಾತ್ರಿ ಕುಟುಂಬ ಪ್ರಾರ್ಥನೆಯ ನಂತರ ಮಕ್ಕಳನ್ನು ಕೇಳಿ: ಕಟ್ಟೆಯ ಮೇಲಿನ ಆ ನೆರೆಯವರಿಗೆ ನೀನಾದರೆ ಏನು ಹೇಳುತ್ತಿ? ಅವರು ಹೇಳಿದ ಮೇಲೆ, ನಿಮ್ಮ ಉತ್ತರವನ್ನೂ ಹೇಳಿ.