ಬ್ಯಾನಿ ಎಲ್ಲಿ? ಹೆಸರು ಹಿಡಿದು ಹೇಳೋಣ

ಚೀಕಲಪರ್ವಿಯಲ್ಲಿ ಒಂದು ಸಂಜೆ ನಮ್ಮ ಕಲಿಕಾ ಕೇಂದ್ರ ಸೇರಿತ್ತು. ಭತ್ತ ನಾಟಿ ಮಾಡಿ ಬಂದ ಅಕ್ಕಂದಿರು ದಣಿದು ಕೂತಿದ್ದರು. ನಾವು ಕೇಳಿದೆವು: “ಹೊಟ್ಟಿ ಬ್ಯಾನಿ ಅಂದ್ರ ಎಲ್ಲಿ? ಕೈ ಇಟ್ಟು ತೋರಿಸ್ರಿ.”

ಒಬ್ಬ ಅಕ್ಕ ಎದೆಯ ಕೆಳಗೆ ಕೈ ಇಟ್ಟರು. ಇನ್ನೊಬ್ಬರು ಹೊಕ್ಕಳ ಮುಟ್ಟಿದರು. ಮತ್ತೊಬ್ಬರು ಟೊಂಕ ಹಿಡಿದರು. ಒಬ್ಬ ಅಜ್ಜಿ ಕೈ ಎತ್ತಲೇ ಇಲ್ಲ. “ಅದನ್ನ ಹೆಂಗ ತೋರಿಸ್ಲಿ?” ಎಂದು ಸೆರಗು ಎಳೆದುಕೊಂಡರು.

ಮಾತು ಒಂದೇ. ಜಾಗ ಬೇರೆ ಬೇರೆ. ಔಷಧ ಮಾತ್ರ ಒಂದೇ ಆದೀತೇ?

ಎಡ ಯಾವುದು? ಬಲ ಯಾವುದು?

ನಮ್ಮೂರ ಹತ್ತಿರ ತುಂಗಭದ್ರಾ ಹರಿಯುತ್ತಾಳೆ. ನಮ್ಮದು ಎಡದಂಡೆ. ಯಾಕೆ? ನೀರು ಹರಿಯುವ ಕಡೆ ಮುಖ ಮಾಡಿ ನಿಲ್ಲಿ. ಎಡಗೈ ಕಡೆ ಬರುವುದು ಎಡದಂಡೆ. ಆಚೆ ದಡದಲ್ಲಿ ನಿಂತು ನೋಡಿದರೂ ಈ ಹೆಸರು ಬದಲಾಗದು. ಎಡ ಬಲ ಹೊಳೆಯವು, ನೋಡುವವರವಲ್ಲ.

ಮೈಗೂ ಹಾಗೆಯೇ. ಡಾಕ್ಟರು ನಿಮ್ಮ ಎದುರು ನಿಂತಾಗ ಅವರ ಬಲಗೈ ಮುಂದೆ ನಿಮ್ಮ ಎಡಗೈ ಇರುತ್ತದೆ. ಆದರೂ ಚೀಟಿಯಲ್ಲಿ ‘ಎಡ’ ಎಂದು ಬರೆದರೆ ಅದು ನಿಮ್ಮ ಎಡ. ವೈದ್ಯರು ಹೆಸರಿಡುವಾಗ ಮೈ ಹೀಗೆ ನಿಂತಿದೆ ಎಂದು ತಿಳಿಯುತ್ತಾರೆ: ನೆಟ್ಟಗೆ ನಿಲುವು, ಮುಖ ಮುಂದೆ, ಕೈ ಕೆಳಗೆ, ಅಂಗೈ ಮುಂದಕ್ಕೆ. ಲೋಕದಲ್ಲೆಲ್ಲ ಇದೇ ಕ್ರಮ.

ಹೊಟ್ಟೆಯ ನಾಲ್ಕು ಮಡಿ

ಹೊಕ್ಕಳದ ಮೇಲೆ ಒಂದು ಅಡ್ಡ ಬದು, ಒಂದು ಉದ್ದ ಬದು ಹಾಕಿದೆವು ಎಂದುಕೊಳ್ಳಿ. ಗದ್ದೆಯಂತೆ ನಾಲ್ಕು ಮಡಿ ಆದವು.

ಬಲ ಮೇಲೆ: ಪಕ್ಕೆಲುಬಿನ ಅಡಿ ಯಕೃತ್ತು. ಇದೇ ಲಿವರ್.
ಎಡ ಮೇಲೆ: ಜಠರ. ಉಂಡ ಅನ್ನ ಇಳಿಯುವ ಚೀಲ.
ಬಲ ಕೆಳಗೆ: ದೊಡ್ಡ ಕರುಳು ಶುರುವಾಗುವ ಜಾಗ. ಅದಕ್ಕೆ ಅಂಟಿದ ಹುಳದಂಥ ಅಪೆಂಡಿಕ್ಸ್.
ಎಡ ಕೆಳಗೆ: ದೊಡ್ಡ ಕರುಳಿನ ಕೊನೆಯ ಭಾಗ.

ಕೆಳಗೆ ನಟ್ಟನಡುವೆ ಮೂತ್ರಕೋಶ. ಹೆಂಗಸರಲ್ಲಿ ಅದರ ಹಿಂದೆ ಗರ್ಭಕೋಶ. ಕೂಸು ಬೆಳೆಯುವುದು ಇಲ್ಲಿ, ಜಠರದಲ್ಲಿ ಅಲ್ಲ. ಬೆನ್ನ ಕಡೆ, ಬೆನ್ನುಮೂಳೆಯ ಎರಡು ಬದಿಗೆ 2 ಮೂತ್ರಪಿಂಡ. ಇವೇ ಕಿಡ್ನಿ. ಹೊಟ್ಟೆಯ ಮೇಲೆ ಎದೆಗೂಡು. ಅದರಲ್ಲಿ 2 ಶ್ವಾಸಕೋಶ. ಅವುಗಳ ನಡುವೆ, ತುಸು ಎಡಕ್ಕೆ ವಾಲಿದ ಹೃದಯ.

ಹೆಸರು ಗೊತ್ತಿದ್ದರೆ ಏನು ಲಾಭ?

ಹೊಕ್ಕಳ ಸುತ್ತ ಶುರುವಾದ ನೋವು ಬಲ ಕೆಳಗಿನ ಮಡಿಗೆ ಇಳಿದು ಹೆಚ್ಚುತ್ತಿದೆಯೇ? ಅಪೆಂಡಿಕ್ಸ್ ಬಾತಿರಬಹುದು. ತಡ ಮಾಡದೆ ಆಸ್ಪತ್ರೆಗೆ ಹೋಗಿ. ಎದೆ ಹಿಂಡಿದಂತಾಗಿ, ನೋವು ಎಡತೋಳಿಗೋ ದವಡೆಗೋ ಹರಿದು, ಬೆವರು ಬಂದರೆ ‘ಗ್ಯಾಸು’ ಎಂದು ಸುಮ್ಮನೆ ಕೂಡಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ.

ಆ ಅಜ್ಜಿ ಮಾತು ಮರೆಯಬಾರದು. ವಾರ ಬಿಟ್ಟು ನಮ್ಮ ಕಿವಿಯಲ್ಲಿ ಹೇಳಿದರು: “ಕೆಳಗ ಏನೋ ಜಾರಿ ಬಂದಂಗ ಆಗ್ತದವ್ವ.” ಎಷ್ಟು ದಿನದಿಂದ? ಏಳು ವರ್ಷದಿಂದ! ಅಷ್ಟೂ ವರ್ಷ ‘ಟೊಂಕ ಬ್ಯಾನಿ’ ಎಂದಷ್ಟೇ ಹೇಳಿ ಗುಳಿಗೆ ನುಂಗಿದ್ದರು. ಅದು ಗರ್ಭಕೋಶ ಜಾರಿದ ತೊಂದರೆ. ಅದಕ್ಕೆ ಚಿಕಿತ್ಸೆ ಉಂಟು. ನಾವು ಜೊತೆಗೆ ಹೋದೆವು. ಅಜ್ಜಿ ತಾವೇ ಹೆಸರು ಹಿಡಿದು ಹೇಳಿದರು.

ಮೈಯ ಯಾವ ಅಂಗದ ಹೆಸರೂ ಕೆಟ್ಟ ಮಾತಲ್ಲ. ನಾಚಿಕೆಯಿಂದ ನೋವು ಕಡಿಮೆ ಆಗದು.

ಇನ್ನೊಂದು ಮಾತು. ಆಪರೇಷನ್ ಕಾಗದ ಕೈಗೆ ಬಂದರೆ ಓದಿ. ಮೂರು ಪ್ರಶ್ನೆ ಕೇಳಿ. ಯಾವ ಅಂಗ? ಯಾವ ಬದಿ? ಯಾಕೆ? ಉತ್ತರ ತಿಳಿದ ಮೇಲೆ ಸಹಿ ಹಾಕಿ. ನಾವು ಅಕ್ಷರ ಕಲಿತದ್ದು ಇದಕ್ಕೇ ಅಲ್ಲವೇ?

ಅಭ್ಯಾಸ

1. ಗೆಳತಿಯ ಎದುರು ನಿಲ್ಲಿ. ಅವರ ಬಲಗೈ ಯಾವುದು? ಮುಟ್ಟಿ ಹೇಳಿ.
2. ಬಿಟ್ಟ ಪದ ತುಂಬಿ: ಲಿವರ್ ಇರುವುದು ______ ಮೇಲೆ. ಕೂಸು ಬೆಳೆಯುವುದು ______ದಲ್ಲಿ.
3. ನಿಮ್ಮ ಮನೆಯಲ್ಲಿ ಯಾರಿಗೆ ಎಲ್ಲಿ ನೋವಿದೆ? ಅಂಗದ ಹೆಸರು, ಬದಿ, ಎಷ್ಟು ದಿನದಿಂದ ಎಂದು ಬರೆಯಿರಿ. ಆಸ್ಪತ್ರೆಗೆ ಹೋಗುವಾಗ ಆ ಚೀಟಿ ಒಯ್ಯಿರಿ.