ಅಂಗಡಿಗೆ ತೆರಿಗೆಯ ಸಂಖ್ಯೆ ಬೇಕಾಗುವುದೆಂದು?

ಮುಂಬಯಿಯ ನಮ್ಮ ಶಾಲೆಗೆ ಬರುವ ಹಲವು ಮಕ್ಕಳ ತಂದೆತಾಯಿಗಳು ಸಣ್ಣ ಖಾನಾವಳಿಯನ್ನೋ ಅಂಗಡಿಯನ್ನೋ ನಡೆಸಿ ಜೀವಿಸುವವರು. ಅವರಲ್ಲೊಬ್ಬರು ಒಂದು ದಿನ ನಮ್ಮನ್ನು ಕೇಳಿದರು: "ಮಾಸ್ತರರೇ, ಬಾಡಿಗೆ, ಗ್ಯಾಸು, ಹುಡುಗರ ಸಂಬಳ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ. ನನಗೇತಕ್ಕೆ ಜಿ.ಎಸ್.ಟಿ. ನಂಬರು?"

ತಪ್ಪು ಈ ಮಾತಿನಲ್ಲಿಯೇ ಅಡಗಿದೆ. ನೋಂದಣಿಯ ಮಿತಿಯನ್ನು ಅಳೆಯುವುದು ಲಾಭದಿಂದಲ್ಲ, ಮಾರಾಟದಿಂದ. 2017ನೆಯ ಜುಲೈ 1ರಿಂದ ಜಾರಿಯಲ್ಲಿರುವ ಸರಕು ಮತ್ತು ಸೇವಾ ತೆರಿಗೆಯಲ್ಲಿ ಖಾನಾವಳಿಯ ಊಟ ತಿಂಡಿಗಳು 'ಸೇವೆ'ಯೆನಿಸುತ್ತವೆ. ಮಹಾರಾಷ್ಟ್ರದಲ್ಲಿ ಸೇವೆಗೆ ವರ್ಷದ ಮಿತಿ 20 ಲಕ್ಷ ರೂಪಾಯಿ. ಕೇವಲ ಸರಕು ಮಾರುವವರಿಗೆ 40 ಲಕ್ಷ. ತಾಜಾ ತರಕಾರಿಯಂತಹ ತೆರಿಗೆಯಿಲ್ಲದ ವಸ್ತುಗಳನ್ನಷ್ಟೇ ಮಾರುವವರಿಗೆ ಈ ನೋಂದಣಿಯೇ ಬೇಡ.

ವಿದ್ಯಾರ್ಥಿಗಳೇ, ಗುಣಾಕಾರ ಮಾಡಿ ನೋಡಿರಿ. ದಿನಕ್ಕೆ 5,500 ರೂಪಾಯಿ ಗಲ್ಲಾಪೆಟ್ಟಿಗೆಗೆ ಬೀಳುವ ಖಾನಾವಳಿಯೊಂದು ಏಪ್ರಿಲ್ 1ರಿಂದ ರಜೆಯಿಲ್ಲದೆ ನಡೆದರೆ, 364ನೆಯ ದಿನಕ್ಕೆ ಮಾರಾಟ 20,02,000 ರೂಪಾಯಿ. ಸಾಧಾರಣ ವರ್ಷದಲ್ಲಿ ಅದು ಮಾರ್ಚ್ 30. ಮಿತಿ ದಾಟಿದ ಆ ದಿನದಿಂದ 30 ದಿನಗಳೊಳಗೆ ಅರ್ಜಿ ಸಲ್ಲಿಸತಕ್ಕದ್ದು. ಸಲ್ಲಿಸದಿದ್ದರೆ ದಂಡ 10,000 ರೂಪಾಯಿ, ಇಲ್ಲವೆ ತಪ್ಪಿಸಿದ ತೆರಿಗೆಯಷ್ಟು, ಎರಡರಲ್ಲಿ ಹೆಚ್ಚಿನದು.

ನಮ್ಮವರು ಎಡವುವ ಸ್ಥಳಗಳು ಇನ್ನೂ ಇವೆ. ಒಂದು ಅಂಗಡಿ ಮಾಟುಂಗದಲ್ಲಿ, ಇನ್ನೊಂದು ಊರಿನಲ್ಲಿ. ಎರಡಕ್ಕೂ ಒಡೆಯರು ಒಬ್ಬರೇ, ಪ್ಯಾನ್ ಸಂಖ್ಯೆಯೂ ಒಂದೇ. ಆಗ ಎರಡರ ಮಾರಾಟವನ್ನೂ ಕೂಡಿಸಬೇಕು. ಮಿತಿ ದಾಟಿದರೆ ಎರಡು ರಾಜ್ಯಗಳಲ್ಲಿಯೂ ಬೇರೆ ಬೇರೆ ನೋಂದಣಿಯಾಗಬೇಕು. ಮನೆಯಲ್ಲಿ ಉಪ್ಪಿನಕಾಯಿ ಹಾಕಿ ಬೆಂಗಳೂರಿನ ಗಿರಾಕಿಗಳಿಗೆ ಮಾರಿ ಕಳುಹಿಸುವ ತಾಯಂದಿರ ಸ್ಥಿತಿ ಇನ್ನೂ ಬಿಗಿ. ಸರಕು ರಾಜ್ಯದ ಗಡಿ ದಾಟಿತೆಂದರೆ ಮೊತ್ತ ಎಷ್ಟೇ ಅಲ್ಪವಾಗಿರಲಿ, ಸಂಖ್ಯೆ ಬೇಕು. ಇದು ಕಠಿಣವೆಂದೇ ನಮಗೆ ತೋರುತ್ತದೆ.

ಪ್ಯಾನ್ ಎಂಬುದು ಆದಾಯ ತೆರಿಗೆಯ ಸಂಖ್ಯೆ. ವ್ಯಾಪಾರದ ಮಾರಾಟ ವರ್ಷಕ್ಕೆ 5 ಲಕ್ಷ ದಾಟಿದರೆ ಅದನ್ನು ಪಡೆಯಲೇಬೇಕು. ಹೋಟೆಲಿನ ಬಿಲ್ಲೊಂದನ್ನು ಹಿಡಿದು ನೋಡಿರಿ: ಹದಿನೈದು ಅಕ್ಷರ ಹಾಗೂ ಅಂಕಿಗಳ ಸಾಲಿನಲ್ಲಿ ಮೊದಲಿನ 27 ಮಹಾರಾಷ್ಟ್ರದ ಗುರುತು, ಕರ್ನಾಟಕಕ್ಕೆ 29, ಮುಂದಿನ ಹತ್ತು ಒಡೆಯರ ಪ್ಯಾನ್. ಈ ಸಂಖ್ಯೆಯಿಲ್ಲದವರು ಗಿರಾಕಿಯಿಂದ ತೆರಿಗೆಯೆಂದು ಒಂದು ಪೈಸೆಯನ್ನೂ ಪಡೆಯಲಾಗದು.

ನಮ್ಮನ್ನು ಕೇಳಿದ ಆ ಗೃಹಸ್ಥರು ಮರುದಿನ ಲೆಕ್ಕದ ಪುಸ್ತಕವನ್ನು ಕಂಕುಳಲ್ಲಿರಿಸಿಕೊಂಡು ಬಂದರು. ಅವರ ಮಗನೇ ಕೂಡಿಸಿದನು. ದಿನದ ಸರಾಸರಿ 6,000 ರೂಪಾಯಿಗಳಿಗೆ ಮೇಲಿತ್ತು.